ನೋಡ್ ಜಾಸ್ತಿ ಮಾಡಿದರೂ ಜಾಬ್ ಬೇಗ ಮುಗಿಯುತ್ತಿಲ್ಲವೇ? ಕಾಯಿಸುತ್ತಿರುವವರನ್ನು ಹುಡುಕಿ

ನಮ್ಮ ಒಂದು ದೊಡ್ಡ ಲೆಕ್ಕದ ಜಾಬ್ 8 ನೋಡ್‌ಗಳಲ್ಲಿ, ಅಂದರೆ ಒಂದಕ್ಕೊಂದು ಜೋಡಿಸಿದ 8 ಕಂಪ್ಯೂಟರ್‌ಗಳಲ್ಲಿ, 36 ನಿಮಿಷ ತೆಗೆದುಕೊಳ್ಳುತ್ತಿತ್ತು. 16 ನೋಡ್ ಕೊಟ್ಟರೆ ಹೆಚ್ಚುಕಮ್ಮಿ 18 ನಿಮಿಷಕ್ಕೆ ಮುಗಿಯಬೇಕು, ಅಲ್ವಾ? ಮುಗಿದದ್ದು 33 ನಿಮಿಷಕ್ಕೆ. ಯಂತ್ರ ಎರಡರಷ್ಟಾಯಿತು, ಉಳಿತಾಯವಾದದ್ದು ಬರೀ 3 ನಿಮಿಷ.

ಪ್ರೋಗ್ರಾಂನ ಯಾವ ಭಾಗದಲ್ಲಿ ಎಷ್ಟು ಸಮಯ ಹೋಗುತ್ತದೆ ಅಂತ ತೋರಿಸುವ ಪ್ರೊಫೈಲರ್ ಹಾಕಿ ನೋಡಿದೆವು. ಒಟ್ಟು ಸಮಯದಲ್ಲಿ ಶೇ. 45ರಷ್ಟು ಎಂಪಿಐನ (ನೋಡ್‌ಗಳ ನಡುವೆ ಸಂದೇಶ ಸಾಗಿಸುವ ಲೈಬ್ರರಿ) ಆಲ್‌ರೆಡ್ಯೂಸ್ ಒಳಗೆ ಹೋಗುತ್ತಿತ್ತು. ಎಲ್ಲ ರ‍್ಯಾಂಕ್‌ಗಳ ಬಿಡಿ ಮೊತ್ತಗಳನ್ನು ಕೂಡಿಸಿ ಎಲ್ಲರಿಗೂ ಹಂಚುವ ಕರೆ ಅದು. ರ‍್ಯಾಂಕ್ ಅಂದರೆ ಪ್ರೊಸೆಸರ್‌ನ ಒಂದೊಂದು ಕೋರ್‌ನಲ್ಲಿ ಓಡುವ ಪ್ರೋಗ್ರಾಂನ ಒಂದೊಂದು ಪ್ರತಿ. ನೋಡ್‌ಗಳ ನಡುವಿನ ಕೆಲಸ, ಅಂದಮೇಲೆ ನೆಟ್‌ವರ್ಕೇ ನಿಧಾನ ಅಂತ ತಂಡದಲ್ಲಿ ಎಲ್ಲರೂ ತೀರ್ಮಾನಿಸಿದೆವು. ನಾನೂ ಹಾಗೇ ನಂಬಿದ್ದೆ. ಎರಡು ವಾರ ಸ್ವಿಚ್, ಕೇಬಲ್, ಎಂಪಿಐ ಸೆಟ್ಟಿಂಗ್ ಅಂತ ಓಡಾಡಿದೆವು. ನೆಟ್‌ವರ್ಕ್‌ಗೆ ಏನೂ ಆಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು.

ಹಲವು ಯಂತ್ರಗಳು ಸೇರಿ ಕೆಲಸ ಮಾಡುವ ಕಡೆ ಈ ತಪ್ಪು ಪದೇ ಪದೇ ಆಗುತ್ತದೆ. ದೋಷ ಇರುವುದು ಒಂದು ಕಡೆ, ಸಮಯ ಹೋಗಿದೆ ಅಂತ ಕಾಣುವುದು ಇನ್ನೊಂದು ಕಡೆ. ಪ್ರೊಫೈಲರ್ ತೋರಿಸುವುದು ಯಾರು ಕಾಯುತ್ತಿದ್ದಾರೆ ಅನ್ನುವುದನ್ನು. ನಾವು ಹುಡುಕಬೇಕಾದದ್ದು ಅವರನ್ನು ಯಾರು ಕಾಯಿಸುತ್ತಿದ್ದಾರೆ ಅನ್ನುವುದನ್ನು. ಆ ಹುಡುಕಾಟವನ್ನು ನಾನು ಈಗ ಯಾವ ಕ್ರಮದಲ್ಲಿ ಮಾಡುತ್ತೇನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ದೋಷ ಇದೆಯೋ ಇಲ್ಲವೋ, ಮೊದಲು ಲೆಕ್ಕ ಹಾಕಿ

ಕೆಲವು ಸಲ ದೋಷವೇ ಇರುವುದಿಲ್ಲ. ನಮ್ಮ ನಿರೀಕ್ಷೆಯೇ ಜಾಸ್ತಿ ಆಗಿರುತ್ತದೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರೋಗ್ರಾಂನಲ್ಲಿ ಶೇ. 5ರಷ್ಟು ಭಾಗ ಒಂದೇ ಕೋರ್‌ನಲ್ಲಿ ಓಡಬೇಕಾದದ್ದು ಅಂದುಕೊಳ್ಳಿ. ಆಗ ಎಷ್ಟೇ ಕೋರ್ ಕೊಟ್ಟರೂ ವೇಗ 20 ಪಟ್ಟು ದಾಟುವುದಿಲ್ಲ. 64 ಕೋರ್ ಕೊಟ್ಟರೆ ಸಿಗುವುದು ಸುಮಾರು 15.4 ಪಟ್ಟು. ನಿಮಗೆ 15 ಪಟ್ಟು ಸಿಗುತ್ತಿದ್ದರೆ ನೆಟ್‌ವರ್ಕ್ ಬಿಚ್ಚಿ ನೋಡಬೇಡಿ. ಆ ಶೇ. 5ನ್ನು ಕಡಿಮೆ ಮಾಡುವ ದಾರಿ ನೋಡಿ.

ಇನ್ನೊಂದು ಲೆಕ್ಕವೂ ಇದೆ. ಮೂರು ಆಯಾಮದ ಕೋಶಗಳ ಜಾಲವನ್ನು (ಗ್ರಿಡ್) ತುಂಡು ಮಾಡಿ ಹಂಚುವ ಪ್ರೋಗ್ರಾಂಗಳಲ್ಲಿ ಪ್ರತಿ ರ‍್ಯಾಂಕ್ ತನ್ನ ತುಂಡಿನ ಮೇಲ್ಮೈಯನ್ನು ಪಕ್ಕದವರ ಜೊತೆ ಹಂಚಿಕೊಳ್ಳಬೇಕು. ಒಂದು ತುಂಡು 128×128×128 ಇದ್ದಾಗ ಆರು ಮುಖಗಳ ಕೋಶಗಳು ಒಟ್ಟು ಕೋಶಗಳ ಶೇ. 4.7ರಷ್ಟು. ಅದನ್ನೇ 16×16×16ಕ್ಕೆ ಇಳಿಸಿದರೆ ಶೇ. 37.5. ಲೆಕ್ಕ ಮಾಡುವ ಕೆಲಸಕ್ಕಿಂತ ಪಕ್ಕದವರಿಗೆ ಹೇಳುವ ಕೆಲಸವೇ ಹೊರೆಯಾಗುತ್ತಾ ಹೋಗುತ್ತದೆ. ಸಮಸ್ಯೆ ಚಿಕ್ಕದು, ನೋಡ್ ಜಾಸ್ತಿ ಅನ್ನುವ ಸ್ಥಿತಿ ಇದು. ಇಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ಅಂದರೆ ನೋಡ್‌ಗಳನ್ನು ವಾಪಸ್ ಕೊಡುವುದು.

ನಮ್ಮ ಜಾಬ್‌ನಲ್ಲಿ ಈ ಎರಡೂ ಅಲ್ಲ. ತುಂಡುಗಳು ದೊಡ್ಡವಿದ್ದವು. ಒಂಟಿಯಾಗಿ ಓಡುವ ಭಾಗ ಬಹಳ ಚಿಕ್ಕದಿತ್ತು. ಅಂದರೆ ನಿಜವಾಗಿಯೂ ಏನೋ ಕೆಟ್ಟಿತ್ತು.

ಹತ್ತು ನಿಮಿಷದಲ್ಲಿ ಮುಗಿಯುವ ತಪಾಸಣೆ

ದೊಡ್ಡ ಹುಡುಕಾಟಕ್ಕೆ ಮೊದಲು ಜಾಬ್ ಓಡುತ್ತಿರುವಾಗಲೇ ಯಾವುದಾದರೂ ಒಂದು ನೋಡ್‌ಗೆ ಲಾಗಿನ್ ಆಗಿ, ಏನೇನು ಓಡುತ್ತಿದೆ ಅಂತ ತೋರಿಸುವ ಟಾಪ್ ಕಮ್ಯಾಂಡ್ ತೆರೆಯಿರಿ. ಲೋಡ್ ಆವರೇಜ್, ಅಂದರೆ ಸರಾಸರಿ ಎಷ್ಟು ಕೆಲಸಗಳು ಓಡುತ್ತಿವೆ ಅಥವಾ ಸರದಿಗೆ ಕಾಯುತ್ತಿವೆ ಅನ್ನುವುದನ್ನು, ನೋಡಿ. 32 ಕೋರ್ ಇರುವ ನೋಡ್‌ನಲ್ಲಿ ಅದು 32ರ ಸುತ್ತಮುತ್ತ ಇರಬೇಕು. 1,000 ಅಂತ ತೋರಿಸುತ್ತಿದ್ದರೆ ಅಲ್ಲೇ ದೋಷ ಸಿಕ್ಕಿತು. ನೀವು ಒಂದು ನೋಡ್‌ಗೆ 32 ರ‍್ಯಾಂಕ್ ಕೊಟ್ಟಿದ್ದೀರಿ. ಒಳಗಿನ ಗಣಿತದ ಲೈಬ್ರರಿಗೆ ಅದು ಗೊತ್ತಿಲ್ಲ. ಅದು ಇಡೀ ನೋಡ್ ತನ್ನದೇ ಅಂದುಕೊಂಡು ಪ್ರತಿ ರ‍್ಯಾಂಕ್‌ನಲ್ಲೂ 32 ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆ) ಎಬ್ಬಿಸುತ್ತದೆ. 32 ಇಂಟು 32, ಒಟ್ಟು 1,024 ಥ್ರೆಡ್‌ಗಳು 32 ಕೋರ್‌ಗಳಿಗೆ ಜಗಳ ಆಡುತ್ತಿರುತ್ತವೆ. ಥ್ರೆಡ್‌ಗಳನ್ನು ಎಬ್ಬಿಸುವ ಓಪನ್‌ಎಂಪಿಗೆ ಥ್ರೆಡ್ ಸಂಖ್ಯೆ 1 ಅಂತ ಹೇಳಿ (OMP_NUM_THREADS=1) ಮತ್ತೆ ಓಡಿಸಿ. ಈ ಒಂದು ಸಾಲು ಸೇರಿಸಿ ಜಾಬ್ ಹಲವು ಪಟ್ಟು ಬೇಗ ಆದದ್ದನ್ನು ಕಣ್ಣಾರೆ ನೋಡಿದ್ದೇನೆ.

ಹಾಗೆಯೇ ಟಾಪ್‌ನಲ್ಲಿ 1 ಒತ್ತಿ ಕೋರ್‌ಗಳನ್ನು ಒಂದೊಂದಾಗಿ ನೋಡಿ. ಅರ್ಧ ಕೋರ್‌ಗಳು ಖಾಲಿ ಕೂತು, ಉಳಿದ ಅರ್ಧದ ಮೇಲೆ ಇಬ್ಬಿಬ್ಬರು ರ‍್ಯಾಂಕ್ ಹತ್ತಿ ಕೂತಿದ್ದರೆ ಯಾರು ಯಾವ ಕೋರ್‌ನಲ್ಲಿ ಕೂರಬೇಕು ಅಂತ ಗಟ್ಟಿ ಮಾಡುವ (ಪಿನ್ ಮಾಡುವ) ಸೆಟ್ಟಿಂಗ್ ತಪ್ಪಿದೆ. ದೋಷ ಹುಡುಕಲು ತಯಾರಿಸಿದ ನಿಧಾನದ ಡಿಬಗ್ ಬಿಲ್ಡ್ ಅನ್ನೇ ಮರೆತು ಓಡಿಸುತ್ತಿಲ್ಲ ತಾನೇ ಅಂತಲೂ ನೋಡಿಕೊಳ್ಳಿ. ಫೈಲ್ ಬರೆಯುವುದನ್ನು ಪೂರ್ತಿ ನಿಲ್ಲಿಸಿ ಒಮ್ಮೆ ಓಡಿಸಿ. ಸಮಯ ದಿಢೀರ್ ಇಳಿದರೆ ದೋಷ ಫೈಲ್ ಸಿಸ್ಟಮ್ ಕಡೆ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಾಯುವುದು ಬೇರೆ, ಕಳಿಸುವುದು ಬೇರೆ

ಆಲ್‌ರೆಡ್ಯೂಸ್‌ನಂಥ ಕರೆ ಎಲ್ಲರೂ ಬರುವ ತನಕ ಮುಗಿಯುವುದಿಲ್ಲ. ಬೇಗ ಬಂದವರು ಅದರ ಒಳಗೇ ನಿಂತು ಕಾಯುತ್ತಾರೆ. ಪ್ರೊಫೈಲರ್‌ಗೆ ಈ ಕಾಯುವಿಕೆಯೂ ಕಾಣುವುದು ಆಲ್‌ರೆಡ್ಯೂಸ್ ಲೆಕ್ಕದಲ್ಲೇ. ಸುಮ್ನೆ ನಿಂತಿದ್ದ ಸಮಯ, ನಿಜವಾಗಿ ಡೇಟಾ ಸಾಗಿದ ಸಮಯ, ಎರಡೂ ಒಂದೇ ಅಂಕಿಯಾಗಿ ಬರುತ್ತವೆ. ಆ ಅಂಕಿಯನ್ನು ನೋಡಿ ನೆಟ್‌ವರ್ಕ್ ನಿಧಾನ ಅನ್ನುವುದಕ್ಕೆ ಆಧಾರವೇ ಇಲ್ಲ.

ಇವೆರಡನ್ನೂ ಬಿಡಿಸುವ ಪ್ರಯೋಗ ತುಂಬಾ ಸರಳ. ಆಲ್‌ರೆಡ್ಯೂಸ್ ಕರೆಯ ಹಿಂದಿನ ಸಾಲಿನಲ್ಲಿ ಒಂದು ಬ್ಯಾರಿಯರ್, ಅಂದರೆ ಎಲ್ಲರೂ ಬರುವ ತನಕ ಯಾರನ್ನೂ ಮುಂದೆ ಬಿಡದ ಕರೆ, ಹಾಕಿ. ಬ್ಯಾರಿಯರ್‌ನಲ್ಲಿ ಹೋದ ಸಮಯ ಎಷ್ಟು, ಅದಾದ ಮೇಲೆ ಆಲ್‌ರೆಡ್ಯೂಸ್‌ನಲ್ಲಿ ಹೋದ ಸಮಯ ಎಷ್ಟು ಅಂತ ಪ್ರತಿ ರ‍್ಯಾಂಕ್ ಬೇರೆ ಬೇರೆಯಾಗಿ ಅಳೆದು ಬರೆಯಲಿ. ಬ್ಯಾರಿಯರ್‌ನಲ್ಲಿ ಹೋದದ್ದು ಕಾಯುವ ಸಮಯ. ಆಮೇಲೆ ಉಳಿದದ್ದು ಸಾಗಿಸುವ ಸಮಯ. ಪ್ರಯೋಗ ಮುಗಿದ ಮೇಲೆ ಬ್ಯಾರಿಯರ್ ತೆಗೆಯಲು ಮರೆಯಬೇಡಿ.

ಇಲ್ಲಿ ಒಂದು ಎಚ್ಚರ ಬೇಕು. ಒಂದು ನೋಡ್‌ನ ಗಡಿಯಾರದ ಸಮಯದಿಂದ ಇನ್ನೊಂದು ನೋಡ್‌ನ ಗಡಿಯಾರದ ಸಮಯ ಕಳೆಯಬೇಡಿ. ಗಡಿಯಾರಗಳು ಕೆಲವು ಮಿಲಿಸೆಕೆಂಡ್ ಆಚೀಚೆ ಇದ್ದರೂ ಸಂದೇಶ ಕಳಿಸುವ ಮೊದಲೇ ತಲುಪಿದ ಹಾಗೆ ಕಾಣುತ್ತದೆ. ಒಂದೇ ನೋಡ್‌ನಲ್ಲಿ ಶುರು ಯಾವಾಗ, ಕೊನೆ ಯಾವಾಗ ಅಂತ ಅಳೆದ ಅವಧಿಯನ್ನು ಮಾತ್ರ ನಂಬಿ.

ನಮ್ಮ ಜಾಬ್‌ನಲ್ಲಿ ಈ ಪ್ರಯೋಗಕ್ಕೆ ಅರ್ಧ ಗಂಟೆ ಸಾಕಾಯಿತು. ಲೆಕ್ಕದ ಒಂದು ಸುತ್ತಿಗೆ, ಅಂದರೆ ಒಂದು ಹೆಜ್ಜೆಗೆ, ಒಟ್ಟು 98 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಅದರಲ್ಲಿ ಸಾಗಿಸುವ ಸಮಯ ಬರೀ 3 ಮಿಲಿಸೆಕೆಂಡ್. ಆಲ್‌ರೆಡ್ಯೂಸ್ ಲೆಕ್ಕದಲ್ಲಿ ಕಂಡ ಉಳಿದ ಸಮಯವೆಲ್ಲ ಕಾಯುವಿಕೆ. ಎರಡು ವಾರ ನಾವು ಬೆನ್ನು ಹತ್ತಿದ್ದು ಆ 3 ಮಿಲಿಸೆಕೆಂಡನ್ನು.

ಸರಾಸರಿ ಬಿಡಿ, ರ‍್ಯಾಂಕ್‌ಗಳನ್ನು ಒಂದೊಂದಾಗಿ ನೋಡಿ

ಈಗ ಪ್ರಶ್ನೆ ಬದಲಾಯಿತು. ಎಲ್ಲರೂ ಯಾರಿಗಾಗಿ ಕಾಯುತ್ತಿದ್ದಾರೆ?

ಉತ್ತರ ಪ್ರೊಫೈಲ್‌ನಲ್ಲೇ ಇರುತ್ತದೆ, ಆದರೆ ತಲೆಕೆಳಗಾಗಿ. ಯಾರು ಕಡಿಮೆ ಕಾಯುತ್ತಾರೋ ಅವರೇ ಉಳಿದವರನ್ನು ಕಾಯಿಸುತ್ತಿರುವವರು. ಕೊನೆಗೆ ಬಂದವನಿಗೆ ಕಾಯಲು ಯಾರೂ ಉಳಿದಿರುವುದಿಲ್ಲ. ಅವನು ಬಂದ ತಕ್ಷಣ ಬಾಗಿಲು ತೆಗೆಯುತ್ತದೆ. ಹಾಗಾಗಿ ಎಂಪಿಐ ಸಮಯ ಜಾಸ್ತಿ ಇರುವ ರ‍್ಯಾಂಕ್‌ಗಳನ್ನು ನೋಡಬೇಡಿ. ಅತಿ ಕಡಿಮೆ ಇರುವ ರ‍್ಯಾಂಕ್‌ಗಳನ್ನು ಹುಡುಕಿ. ಸರಾಸರಿಯಲ್ಲಿ ಈ ವಿಷಯ ಪೂರ್ತಿ ಮುಚ್ಚಿಹೋಗುತ್ತದೆ.

512 ರ‍್ಯಾಂಕ್‌ಗಳ ಕಾಯುವ ಸಮಯವನ್ನು ಒಂದು ಫೈಲ್‌ಗೆ ಬರೆಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ. 496 ರ‍್ಯಾಂಕ್‌ಗಳು ತಮ್ಮ ಸಮಯದ ಶೇ. 47ರಷ್ಟನ್ನು ಎಂಪಿಐನಲ್ಲಿ ಕಳೆಯುತ್ತಿದ್ದವು. 16 ರ‍್ಯಾಂಕ್‌ಗಳು ಮಾತ್ರ ಶೇ. 3. ಆ ಹದಿನಾರರ ಸಂಖ್ಯೆ ಓದಿದಾಗ ಮೈ ಜುಮ್ಮೆಂದಿತು: 304ರಿಂದ 319ರವರೆಗೆ, ಒಂದೂ ತಪ್ಪದೆ ಸಾಲಾಗಿ. ಒಂದು ನೋಡ್‌ಗೆ 32 ರ‍್ಯಾಂಕ್. ಹತ್ತನೇ ನೋಡ್‌ನಲ್ಲಿರುವುದು 288ರಿಂದ 319. ಅದರ ಎರಡನೇ ಅರ್ಧ ಅಂದರೆ ಆ ನೋಡ್‌ನ ಎರಡನೇ ಪ್ರೊಸೆಸರ್.

ಒಳ್ಳೆಯ ರ‍್ಯಾಂಕ್‌ಗಳು ಒಂದು ಹೆಜ್ಜೆಯ ಲೆಕ್ಕವನ್ನು 52 ಮಿಲಿಸೆಕೆಂಡ್‌ನಲ್ಲಿ ಮುಗಿಸಿ ಬಂದು ನಿಲ್ಲುತ್ತಿದ್ದವು. ಈ 16 ರ‍್ಯಾಂಕ್‌ಗಳಿಗೆ 95 ಬೇಕಾಗುತ್ತಿತ್ತು. ಹೆಜ್ಜೆಗಳು 20,000. ಪ್ರತಿ ಹೆಜ್ಜೆಯಲ್ಲೂ 496 ಕೋರ್‌ಗಳು 16 ಕೋರ್‌ಗಳಿಗಾಗಿ ನಿಂತಿರುತ್ತಿದ್ದವು.

ಆ ನೋಡ್‌ಗೆ ಲಾಗಿನ್ ಆಗಿ ಪ್ರೊಸೆಸರ್ ವೇಗ ನೋಡಿದೆ. ಸರಿಯಾಗಿಯೇ ಇತ್ತು, ಬಿಸಿಯೂ ಇರಲಿಲ್ಲ. ಆಮೇಲೆ ಫ್ರೀ ಕಮ್ಯಾಂಡ್ ಓಡಿಸಿದೆ. ಬೇರೆ ನೋಡ್‌ಗಳಲ್ಲಿ ಮೆಮೊರಿ 192 ಜಿಬಿ. ಇದರಲ್ಲಿ 176. ಒಂದು 16 ಜಿಬಿ ಮೆಮೊರಿ ಪಟ್ಟಿ ಕಾಣೆಯಾಗಿತ್ತು. ಹಿಂದೆ ಯಾವಾಗಲೋ ರೀಬೂಟ್ ಆದಾಗ ಬಯೋಸ್ ಆ ಪಟ್ಟಿ ಕೆಟ್ಟಿದೆ ಅಂತ ಅದನ್ನು ಪಕ್ಕಕ್ಕಿಟ್ಟು ಮುಂದುವರಿದಿತ್ತು. ಆ ಪ್ರೊಸೆಸರ್‌ಗೆ ಆರು ಮೆಮೊರಿ ಚಾನೆಲ್ (ಮೆಮೊರಿಗೆ ಡೇಟಾ ಓಡಾಡುವ ದಾರಿ), ಪ್ರತಿ ಚಾನೆಲ್‌ಗೆ ಒಂದು ಪಟ್ಟಿ. ಒಂದು ಹೋದರೆ ಆರರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಗುತ್ತದೆ ಅಂತ ಅನಿಸಬಹುದು. ಹಾಗಾಗುವುದಿಲ್ಲ. ವಿಳಾಸಗಳನ್ನು ಚಾನೆಲ್‌ಗಳ ನಡುವೆ ಸಮನಾಗಿ ಹಂಚುವ ಏರ್ಪಾಡೇ ಕೆಟ್ಟುಹೋಗುತ್ತದೆ. ಸ್ಟ್ರೀಮ್ ಪರೀಕ್ಷೆ ಓಡಿಸಿದಾಗ ಆ ಪ್ರೊಸೆಸರ್‌ನ ಮೆಮೊರಿ ವೇಗ ಉಳಿದವುಗಳ ಅರ್ಧದಷ್ಟೇ ಬಂತು. ನಮ್ಮ ಪ್ರೋಗ್ರಾಂನ ವೇಗ ನಿಂತಿರುವುದೇ ಮೆಮೊರಿ ಮೇಲೆ. ಲೆಕ್ಕ ಸರಿಹೋಯಿತು.

8 ನೋಡ್‌ಗಳ ರನ್ ಯಾಕೆ ಚೆನ್ನಾಗಿತ್ತು? ಹಳೆಯ ಲಾಗ್ ತೆಗೆದು ನೋಡಿದರೆ ಆ ರನ್‌ನಲ್ಲಿ ಈ ನೋಡ್ ಇರಲೇ ಇಲ್ಲ. ನೋಡ್ ಜಾಸ್ತಿ ಮಾಡಿದ್ದಕ್ಕೂ ನಿಧಾನವಾದದ್ದಕ್ಕೂ ನೇರ ಸಂಬಂಧವೇ ಇರಲಿಲ್ಲ. ಕೆಟ್ಟ ಮೆಮೊರಿ ಪಟ್ಟಿ ಬದಲಿಸಿದ ಮೇಲೆ ಅದೇ 16 ನೋಡ್‌ಗಳಲ್ಲಿ ಜಾಬ್ ಹದಿನೆಂಟೂವರೆ ನಿಮಿಷಕ್ಕೆ ಮುಗಿಯಿತು.

ಜಾಗ ಅದಲುಬದಲು ಮಾಡಿ ನೋಡಿ

ನಮಗೆ ಸಾಲು ಸಂಖ್ಯೆಗಳೇ ದಾರಿ ತೋರಿಸಿದವು. ಎಲ್ಲ ಸಲವೂ ಹಾಗೆ ಸಿಗುವುದಿಲ್ಲ. ಹಿಂದೆ ಬೀಳುತ್ತಿರುವ ರ‍್ಯಾಂಕ್ ಸಿಕ್ಕಿದ ಮೇಲೆ ತಪ್ಪು ಯಂತ್ರದ್ದೋ ಡೇಟಾದ್ದೋ ಅಂತ ತೀರ್ಮಾನಿಸಲು ನಾನು ಒಂದೇ ಪರೀಕ್ಷೆ ಮಾಡುತ್ತೇನೆ. ನೋಡ್‌ಗಳ ಪಟ್ಟಿಯನ್ನು ತಿರುವುಮುರುವು ಮಾಡಿ, ಅದೇ ನೋಡ್‌ಗಳಲ್ಲಿ ಅದೇ ಜಾಬ್ ಮತ್ತೆ ಓಡಿಸುತ್ತೇನೆ.

ನಿಧಾನ ಅನ್ನುವುದು ನೋಡ್ ಜೊತೆಗೇ ಉಳಿದರೆ ದೋಷ ಯಂತ್ರದ್ದು. ಬಿಸಿಯಿಂದ ಪ್ರೊಸೆಸರ್ ವೇಗ ಇಳಿದಿರಬಹುದು, ಮೆಮೊರಿ ಕೆಟ್ಟಿರಬಹುದು, ಯಾರದೋ ಹಳೆಯ ಪ್ರೋಗ್ರಾಂ ಅಲ್ಲೇ ಸಾಯದೆ ಓಡುತ್ತಿರಬಹುದು, 10 ಗಿಗಾಬಿಟ್ ಕೊಂಡಿ 1 ಗಿಗಾಬಿಟ್‌ಗೆ ಇಳಿದು ಕೂತಿರಬಹುದು. ಆ ನೋಡ್‌ನ ಕರ್ನಲ್ ಲಾಗ್ ಓದಿ, ಪಕ್ಕದ ಒಳ್ಳೆಯ ನೋಡ್‌ನ ಲಾಗ್ ಜೊತೆ ಹೋಲಿಸಿ. ಕೆಟ್ಟ ನೋಡನ್ನು ಒಂದನ್ನೇ ನೋಡಿದರೆ ಎಲ್ಲವೂ ಸರಿ ಇದೆ ಅಂತಲೇ ಅನಿಸುತ್ತದೆ. 176 ಜಿಬಿ ಅನ್ನುವುದನ್ನು ನೋಡಿದ ಯಾರಿಗೂ ಅನುಮಾನ ಬರುವುದಿಲ್ಲ. ಪಕ್ಕದಲ್ಲಿ 192 ಕಂಡಾಗಲೇ ಗೊತ್ತಾಗುವುದು.

ನಿಧಾನ ರ‍್ಯಾಂಕ್ ಸಂಖ್ಯೆಯ ಜೊತೆಗೆ ಬೇರೆ ನೋಡ್‌ಗೆ ಹೋದರೆ ತಪ್ಪು ಹಂಚಿಕೆಯದ್ದು. ಆ ರ‍್ಯಾಂಕ್‌ಗೆ ಕೆಲಸ ಜಾಸ್ತಿ ಬಿದ್ದಿದೆ. ದೊಡ್ಡ ಡೇಟಾ ಸಂಸ್ಕರಣೆಯಲ್ಲಿ ಇದು ದಿನಾ ಕಾಣುವ ಕಾಯಿಲೆ. ಇಂಥ ಸಂಸ್ಕರಣೆ ಮಾಡುವ ಅಪಾಚೆ ಸ್ಪಾರ್ಕ್‌ನಲ್ಲಿ ಷಫಲ್ (ಸಾಲುಗಳನ್ನು ಅವುಗಳ ಕೀ, ಅಂದರೆ ಗುಂಪು ಗುರುತಿಸುವ ಮೌಲ್ಯ ನೋಡಿ ಮರುಹಂಚುವುದು) ಆದ ಮೇಲೆ ಡೀಫಾಲ್ಟ್ ಆಗಿ 200 ಪಾಲು. 199 ಪಾಲುಗಳು ಮುಗಿದು, ಒಂದು ಮಾತ್ರ ಗಂಟೆಗಟ್ಟಲೆ ಓಡುತ್ತಿದ್ದರೆ ನೋಡ್‌ನ ಕಡೆ ನೋಡುವ ಮೊದಲು ಕೀಗಳನ್ನು ಎಣಿಸಿ. ಎಷ್ಟೋ ಸಲ ಖಾಲಿ ಕೀ ಇರುವ ಲಕ್ಷಾಂತರ ಸಾಲುಗಳು ಒಂದೇ ಪಾಲಿಗೆ ಹೋಗಿ ಬಿದ್ದಿರುತ್ತವೆ. ಅವು ಬೇಡದ ಸಾಲುಗಳಾದರೆ ಮೊದಲೇ ಸೋಸಿ. ಬೇಕಾದವಾದರೆ ಕೀಗೆ ಒಂದು ಸಣ್ಣ ಯಾದೃಚ್ಛಿಕ ಸಂಖ್ಯೆ ಅಂಟಿಸಿ ಹಲವು ಪಾಲುಗಳಿಗೆ ಚದುರಿಸಿ, ಆಮೇಲೆ ಎರಡನೇ ಹಂತದಲ್ಲಿ ಕೂಡಿಸಿ. ಸ್ಪಾರ್ಕ್ 3.2ರಿಂದ ಓಡುತ್ತಿರುವಾಗಲೇ ಯೋಜನೆ ಬದಲಿಸುವ ಅಡಾಪ್ಟಿವ್ ಎಕ್ಸಿಕ್ಯೂಶನ್ ಡೀಫಾಲ್ಟ್ ಆಗಿ ಚಾಲೂ ಇರುತ್ತದೆ. ಎರಡು ಕೋಷ್ಟಕ ಕೂಡಿಸುವ ಜಾಯಿನ್‌ಗಳಲ್ಲಿ ಅತಿ ದೊಡ್ಡ ಪಾಲುಗಳನ್ನು ಅದೇ ಒಡೆಯುತ್ತದೆ.

ಯಂತ್ರವೋ ಡೇಟಾವೋ ಅನ್ನುವ ಈ ಭೇದ ಯಾಕೆ ಮುಖ್ಯ ಅಂದರೆ ಮದ್ದು ಪೂರ್ತಿ ಬೇರೆ. ಗೂಗಲ್ 2004ರಲ್ಲಿ ಹಲವು ಯಂತ್ರಗಳಲ್ಲಿ ಡೇಟಾ ಸಂಸ್ಕರಿಸುವ ತನ್ನ ಮ್ಯಾಪ್‌ರೆಡ್ಯೂಸ್ ಬಗ್ಗೆ ಬರೆದಾಗ ಒಂದು ಉಪಾಯ ಹೇಳಿತ್ತು: ಕೊನೆಯಲ್ಲಿ ಉಳಿದ ಕೆಲಸಗಳ ಇನ್ನೊಂದು ಪ್ರತಿಯನ್ನು ಬೇರೆ ಯಂತ್ರದಲ್ಲೂ ಓಡಿಸಿ, ಯಾವುದು ಮೊದಲು ಮುಗಿಯುತ್ತೋ ಅದನ್ನು ತೆಗೆದುಕೊಳ್ಳುವುದು. ಅವರ ಸಾರ್ಟ್ ಪ್ರಯೋಗದಲ್ಲಿ ಈ ಏರ್ಪಾಡು ನಿಲ್ಲಿಸಿದಾಗ ಶೇ. 44ರಷ್ಟು ಜಾಸ್ತಿ ಸಮಯ ಹಿಡಿಯಿತು. ಕೆಟ್ಟ ಯಂತ್ರಕ್ಕೆ ಇದು ಒಳ್ಳೆಯ ಮದ್ದು. ಪಾಲೇ ದೊಡ್ಡದಾಗಿದ್ದರೆ ಇದರಿಂದ ಏನೂ ಆಗದು. ಅದೇ ದೊಡ್ಡ ಪಾಲನ್ನು ಎರಡು ಯಂತ್ರಗಳು ಎಳೆಯುತ್ತಾ ಕೂರುತ್ತವೆ, ಅಷ್ಟೆ.

ಇನ್ನು ಮೂರನೇ ಸ್ಥಿತಿ. ನಿಧಾನ ನೋಡ್ ಜೊತೆಗೂ ಇಲ್ಲ, ರ‍್ಯಾಂಕ್ ಜೊತೆಗೂ ಇಲ್ಲ. ಒಂದು ಹೆಜ್ಜೆಯಲ್ಲಿ ಒಬ್ಬ, ಮುಂದಿನ ಹೆಜ್ಜೆಯಲ್ಲಿ ಇನ್ನೊಬ್ಬ ಹಿಂದೆ ಬೀಳುತ್ತಾನೆ. ಸರಾಸರಿ ನೋಡಿದರೆ ಎಲ್ಲರೂ ಸಮ. ಹೀಗಾದಾಗ ನಾನು ಮೊದಲು ಅನುಮಾನಿಸುವುದು ಆಪರೇಟಿಂಗ್ ಸಿಸ್ಟಮ್‌ನ ಸಣ್ಣಪುಟ್ಟ ಕೆಲಸಗಳನ್ನು. ಲಾಗ್ ಬರೆಯುವವನು, ಆರೋಗ್ಯ ತಪಾಸಣೆ ಮಾಡುವವನು, ಹೀಗೆ ಯಾರೋ ಒಬ್ಬ ಕೆಲವು ಮಿಲಿಸೆಕೆಂಡ್ ಕೋರ್ ಕಿತ್ತುಕೊಳ್ಳುತ್ತಾನೆ. ಒಂದು ನೋಡ್‌ನಲ್ಲಿ ಅದು ಸಾವಿರಕ್ಕೆ ಒಂದು ಹೆಜ್ಜೆಯಲ್ಲಿ ಮಾತ್ರ ಆಗುತ್ತದೆ ಅಂದುಕೊಳ್ಳಿ. ಆದರೆ 1,000 ನೋಡ್ ಸೇರಿದಾಗ ಶೇ. 63ರಷ್ಟು ಹೆಜ್ಜೆಗಳಲ್ಲಿ ಯಾರಾದರೂ ಒಬ್ಬರಿಗೆ ಅಡ್ಡಿ ಬಂದೇ ಬರುತ್ತದೆ. ಆ ಒಬ್ಬನಿಗಾಗಿ ಎಲ್ಲರೂ ನಿಲ್ಲುತ್ತಾರೆ.

ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಎಎಸ್‌ಸಿಐ ಕ್ಯೂ ಸೂಪರ್‌ಕಂಪ್ಯೂಟರ್‌ನಲ್ಲಿ ಇದೇ ಆಗಿತ್ತು. ಆ ತನಿಖೆ 2003ರಲ್ಲಿ ಪ್ರಕಟವಾಯಿತು. ಪ್ರತಿ ನೋಡ್‌ಗೆ 4 ಪ್ರೊಸೆಸರ್ ಇದ್ದವು. ದೊಡ್ಡ ರನ್‌ಗಳಲ್ಲಿ ನಾಲ್ಕನ್ನೂ ಬಳಸುವುದಕ್ಕಿಂತ ಮೂರನ್ನೇ ಬಳಸಿದರೆ ಬೇಗ ಮುಗಿಯುತ್ತಿತ್ತು. ನಾಲ್ಕನೆಯದು ಖಾಲಿ ಇದ್ದರೆ ಸಿಸ್ಟಮ್‌ನ ಕೆಲಸಗಳು ಅದರ ಮೇಲೆ ಹೋಗುತ್ತಿದ್ದವು, ಲೆಕ್ಕಕ್ಕೆ ಅಡ್ಡ ಬರುತ್ತಿರಲಿಲ್ಲ. ಆ ಅಡ್ಡಿಗಳನ್ನು ಹುಡುಕಿ ತೆಗೆದ ಮೇಲೆ, ಯಂತ್ರಾಂಶ ಏನೂ ಬದಲಿಸದೆ, ಸೇಜ್ ಅನ್ನುವ ಪ್ರೋಗ್ರಾಂನ ವೇಗ ಸುಮಾರು ಎರಡು ಪಟ್ಟಾಯಿತು. ನಿಮ್ಮಲ್ಲೂ ಇದನ್ನು ಪರೀಕ್ಷಿಸುವುದು ಸುಲಭ. 32 ಕೋರ್ ನೋಡ್‌ನಲ್ಲಿ 31 ರ‍್ಯಾಂಕ್ ಓಡಿಸಿ. ಬೇಗ ಮುಗಿದರೆ ಅನುಮಾನ ನಿಜ.

ಕಾಯುವಿಕೆ ಇಲ್ಲ, ಸಾಗಿಸುವುದೇ ನಿಧಾನ ಅಂತಾದರೆ

ಬ್ಯಾರಿಯರ್ ಪ್ರಯೋಗದಲ್ಲಿ ಸಾಗಿಸುವ ಸಮಯವೇ ದೊಡ್ಡದಾಗಿ ಬಂದರೆ ಆಗ ನೆಟ್‌ವರ್ಕ್ ಕಡೆ ತಿರುಗಿ. ಆಗಲೂ ತಂತಿಗಿಂತ ಮೊದಲು ಸಂದೇಶಗಳನ್ನು ಎಣಿಸಿ. ಪ್ರತಿ ಸಂದೇಶಕ್ಕೂ ಎರಡು ಖರ್ಚು: ಹೊರಡುವ ಖರ್ಚು ಒಂದು, ಗಾತ್ರಕ್ಕೆ ತಕ್ಕ ಖರ್ಚು ಇನ್ನೊಂದು. 8 ಬೈಟ್‌ನ ಒಂದು ಲಕ್ಷ ಸಂದೇಶಗಳನ್ನು ಒಂದರ ಹಿಂದೆ ಒಂದು ಕಾಯುತ್ತಾ ಕಳಿಸಿದಿರಿ ಅಂದುಕೊಳ್ಳಿ. ಇನ್ಫಿನಿಬ್ಯಾಂಡ್‌ನಂಥ ಒಳ್ಳೆಯ ಜಾಲದಲ್ಲಿ ಒಂದಕ್ಕೆ 2 ಮೈಕ್ರೋಸೆಕೆಂಡ್ ಅಂದರೂ 0.2 ಸೆಕೆಂಡ್ ಆಯಿತು. ಅದೇ 8 ಲಕ್ಷ ಬೈಟ್‌ಗಳನ್ನು ಒಂದೇ ಸಂದೇಶವಾಗಿ ಕಟ್ಟಿ, ಸೆಕೆಂಡಿಗೆ 10 ಗಿಗಾಬೈಟ್ ಸಾಗಿಸುವ ಕೊಂಡಿಯಲ್ಲಿ ಕಳಿಸಿದರೆ 80 ಮೈಕ್ರೋಸೆಕೆಂಡ್ ಚಿಲ್ಲರೆ ಸಾಕು. ಹೆಚ್ಚುಕಮ್ಮಿ 2,500 ಪಟ್ಟು ವ್ಯತ್ಯಾಸ, ತಂತಿ ಅದೇ.

ಸಾಗಿಸುತ್ತಲೇ ಲೆಕ್ಕವನ್ನೂ ಮಾಡೋಣ ಅಂತ ಕಾಯದ ಕರೆಗಳನ್ನು ಬಳಸಿದ್ದರೆ ಒಂದು ವಿಷಯ ಗಮನಿಸಿ. ಕರೆ ಮರಳಿ ಬಂದ ಮಾತ್ರಕ್ಕೆ ಡೇಟಾ ಹೊರಟಿದೆ ಅಂತಲ್ಲ. ಬಹಳಷ್ಟು ಎಂಪಿಐ ಲೈಬ್ರರಿಗಳು ದೊಡ್ಡ ಸಂದೇಶವನ್ನು ನೀವು ಮತ್ತೆ ಎಂಪಿಐ ಒಳಗೆ ಕಾಲಿಟ್ಟಾಗಲೇ ಮುಂದಕ್ಕೆ ತಳ್ಳುವುದು. ಲೆಕ್ಕದ ನಡುವೆ ಆಗಾಗ ಎಂಪಿಐನ ಒಂದು ಟೆಸ್ಟ್ ಕರೆ (MPI_Test) ಹಾಕಿ ನೋಡಿ.

ಕೆಲವು ಅಂಕಿಗಳು ತಮ್ಮ ಗುರುತು ತಾವೇ ಹೇಳುತ್ತವೆ

ಸೇವೆಗಳು ಒಂದನ್ನೊಂದು ಕರೆಯುವ ವ್ಯವಸ್ಥೆಗಳಲ್ಲಿ ಬ್ಯಾರಿಯರ್ ಇರುವುದಿಲ್ಲ. ಆದರೆ ಕಾಯುವಿಕೆ ಇದ್ದೇ ಇರುತ್ತದೆ. ಒಂದು ಸರ್ವರ್ ನೂರಕ್ಕೆ ಒಂದು ಸಲ ಮಾತ್ರ ಒಂದು ಸೆಕೆಂಡ್ ದಾಟುತ್ತದೆ ಅಂದುಕೊಳ್ಳಿ. ಒಂದು ಕೋರಿಕೆಗೆ ಇಂಥ 100 ಸರ್ವರ್‌ಗಳ ಉತ್ತರ ಬೇಕಾದರೆ ಶೇ. 63 ಕೋರಿಕೆಗಳು ಒಂದು ಸೆಕೆಂಡ್ ದಾಟುತ್ತವೆ. ಮೇಲಿನ ಲೆಕ್ಕವೇ ಇದೂ. ಹಾಗಾಗಿ ಇಲ್ಲೂ ಸರಾಸರಿ ಬಿಟ್ಟು, ಉತ್ತರದ ಸಮಯಗಳನ್ನು ಗ್ರಾಫ್‌ನಲ್ಲಿ ಹರಡಿ ನೋಡಿ. ಬಾಲದ ಕಡೆ ಒಂದೇ ಜಾಗದಲ್ಲಿ ಗುಡ್ಡೆ ಕಂಡರೆ ಆ ಅಂಕಿ ಓದಿ. ಯಾವುದೋ ಟೈಮರ್‌ನ ಅಂಕಿ ಅದು.

40 ಮಿಲಿಸೆಕೆಂಡ್ ಹತ್ತಿರ ಗುಡ್ಡೆ ಇದ್ದರೆ ನೇಗಲ್ ವಿಧಾನದ ಅನುಮಾನ ಪಡಿ. 1984ರಲ್ಲಿ ಬಂದ ಈ ವಿಧಾನ, ಹಿಂದಿನ ಡೇಟಾ ತಲುಪಿತು ಅನ್ನುವ ಸುದ್ದಿ ಬರುವ ತನಕ ಮುಂದಿನ ಸಣ್ಣ ತುಣುಕನ್ನು ತಡೆದಿಡುತ್ತದೆ. ಆ ಕಡೆಯವನೋ, ಉತ್ತರದ ಜೊತೆಗೇ ಸುದ್ದಿಯನ್ನೂ ಕಳಿಸೋಣ ಅಂತ ತಡ ಮಾಡುತ್ತಾನೆ. ಇವನು ಅವನಿಗೆ, ಅವನು ಇವನಿಗೆ ಕಾಯುತ್ತಾ ಕೂರುತ್ತಾರೆ. ಲಿನಕ್ಸ್‌ನಲ್ಲಿ ತಡಮಾಡುವ ಟೈಮರ್ 40 ಮಿಲಿಸೆಕೆಂಡ್‌ನಿಂದ ಶುರು. ಹೆಡರ್ ಮತ್ತು ಒಳಗಿನ ಡೇಟಾ ಎರಡನ್ನೂ ಒಂದೇ ಸಲ ಬರೆಯಿರಿ, ಇಲ್ಲವೇ ಸಾಕೆಟ್‌ಗೆ ಟಿಸಿಪಿ ನೋ-ಡಿಲೇ (TCP_NODELAY) ಆಯ್ಕೆ ಕೊಡಿ.

200 ಮಿಲಿಸೆಕೆಂಡ್ ಕಂಡರೆ ಪ್ಯಾಕೆಟ್ ಕಳೆದುಹೋಗಿದೆ. ಲಿನಕ್ಸ್‌ನಲ್ಲಿ ಟಿಸಿಪಿ ಮರುಕಳಿಕೆಯ ಟೈಮರ್ ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹತ್ತಾರು ನೋಡ್‌ಗಳು ಒಂದೇ ಕ್ಷಣಕ್ಕೆ ಒಬ್ಬನಿಗೇ ಉತ್ತರ ಕಳಿಸಿದಾಗ ಸ್ವಿಚ್‌ನ ಬಫರ್ ತುಂಬಿ ಹೀಗಾಗುತ್ತದೆ. ಮರುಕಳಿಕೆಯ ಎಣಿಕೆ ನೆಟ್‌ಸ್ಟ್ಯಾಟ್‌ನಲ್ಲಿ ಸಿಗುತ್ತದೆ. ಏರುತ್ತಿದೆಯೇ ನೋಡಿ. ಹೊಸ ಸಂಪರ್ಕಕ್ಕೇ ಸರಿಯಾಗಿ 1 ಸೆಕೆಂಡ್ ಜಾಸ್ತಿ ಆದರೆ ಸಂಪರ್ಕ ಕೇಳುವ ಮೊದಲ ಪ್ಯಾಕೆಟ್ಟೇ ಹೋಗಿದೆ. 5 ಸೆಕೆಂಡ್ ಆದರೆ ಡಿಎನ್‌ಎಸ್ ಕಡೆ ತಿರುಗಿ, ಹೆಸರು ಹುಡುಕುವವನ ಡೀಫಾಲ್ಟ್ ಟೈಮೌಟ್ ಅಷ್ಟೇ.

ಕಂಟೇನರ್‌ಗಳಲ್ಲಿ (ಒಂದೇ ಯಂತ್ರದಲ್ಲಿ ಬೇರೆ ಬೇರೆಯಾಗಿ, ಮಿತಿ ಹಾಕಿ ಓಡಿಸುವ ಪ್ರೋಗ್ರಾಂಗಳಲ್ಲಿ) ಇನ್ನೊಂದು ಇದೆ. ಪ್ರೊಸೆಸರ್ ಮಿತಿಯನ್ನು ಕರ್ನಲ್ ಡೀಫಾಲ್ಟ್ ಆಗಿ 100 ಮಿಲಿಸೆಕೆಂಡ್‌ನ ಕಂತುಗಳಲ್ಲಿ ಅಳೆಯುತ್ತದೆ. 2 ಕೋರ್ ಮಿತಿ ಅಂದರೆ ಒಂದು ಕಂತಿಗೆ 200 ಮಿಲಿಸೆಕೆಂಡ್ ಕೋರ್ ಸಮಯ. 16 ಥ್ರೆಡ್ ಒಟ್ಟಿಗೆ ಎದ್ದರೆ ಅದನ್ನು 12.5 ಮಿಲಿಸೆಕೆಂಡ್‌ನಲ್ಲಿ ಖಾಲಿ ಮಾಡಿ, ಉಳಿದ 87.5 ಮಿಲಿಸೆಕೆಂಡ್ ಎಲ್ಲರೂ ಕಟ್ಟಿಹಾಕಿದ ಹಾಗೆ ನಿಂತಿರುತ್ತಾರೆ. ಕೋರ್ ಬಳಕೆಯ ಗ್ರಾಫ್ ನೋಡಿದರೆ ಬೇಕಾದಷ್ಟು ಬಿಡುವು ಇದ್ದಂತೆ ಕಾಣಬಹುದು. ಈ ಮಿತಿಯನ್ನು ಜಾರಿ ಮಾಡುವ ಸಿಗ್ರೂಪ್‌ನ ಸಿಪಿಯು ಲೆಕ್ಕದಲ್ಲಿ ಎಷ್ಟು ಸಲ ತಡೆಯಲಾಯಿತು ಅನ್ನುವ ಎಣಿಕೆ ಇರುತ್ತದೆ. ನಂಬಬೇಕಾದದ್ದು ಅದನ್ನು.

ಫೈಲ್ ಸಿಸ್ಟಮ್

ಬರೆಯುವುದನ್ನು ನಿಲ್ಲಿಸಿದಾಗ ಜಾಬ್ ಬೇಗ ಆಯಿತು ಅಂದರೆ ಮೊದಲು ಫೈಲ್‌ಗಳನ್ನು ಎಣಿಸಿ. 512 ರ‍್ಯಾಂಕ್‌ಗಳು ಒಂದೊಂದು ಫೈಲ್ ಹಾಗೆ 100 ಸಲ ಬರೆದರೆ 51,200 ಫೈಲ್. ಲಸ್ಟರ್‌ನಂಥ ಹಂಚಿದ ಫೈಲ್ ಸಿಸ್ಟಮ್‌ನಲ್ಲಿ ಡೇಟಾ ಹಲವು ಸರ್ವರ್‌ಗಳಿಗೆ ಹರಡಿದರೂ, ಫೈಲ್ ತೆರೆಯುವ ಮುಚ್ಚುವ ಕೆಲಸ ಫೈಲ್‌ಗಳ ಹೆಸರು, ಜಾಗದ ಲೆಕ್ಕ ಇಡುವ ಮೆಟಾಡೇಟಾ ಸರ್ವರ್ ಮೇಲೆ ಬೀಳುತ್ತದೆ. ಎಲ್ಲರೂ ಸೇರಿ ಕೆಲವೇ ದೊಡ್ಡ ಫೈಲ್ ಬರೆಯುವಂತೆ ಮಾಡಿ. ದೊಡ್ಡ ಫೈಲ್ ಒಂದೇ ಡಿಸ್ಕ್ ಗುಂಪಿನ ಮೇಲೆ ಕೂತಿದೆಯೇ ಅಂತ ಸ್ಟ್ರೈಪ್ ಎಣಿಕೆಯನ್ನೂ (ಫೈಲ್ ಎಷ್ಟು ಕಡೆ ಹರಡಿದೆ ಅನ್ನುವುದನ್ನು) ನೋಡಿ. ಸಾವಿರ ರ‍್ಯಾಂಕ್‌ಗಳು ಶುರುವಿನಲ್ಲೇ ಪೈಥಾನ್ ಮಾಡ್ಯೂಲ್‌ಗಳನ್ನು ಒಟ್ಟಿಗೆ ತೆರೆಯುವುದೂ ಇದೇ ಜಾತಿಯ ತೊಂದರೆ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಅದೇ ನೋಡ್‌ಗಳಲ್ಲಿ ಕನಿಷ್ಠ ಐದು ಸಲ ಓಡಿಸಿ, ಐದೂ ಅಂಕಿಗಳನ್ನು ಬರೆದಿಡಿ. ಯಾವ ಯಾವ ನೋಡ್‌ಗಳಲ್ಲಿ ಓಡಿತು ಅನ್ನುವುದನ್ನೂ ಪ್ರತಿ ರನ್‌ನ ಲಾಗ್‌ನಲ್ಲಿ ಬರೆಸಿ. ಆ ಒಂದು ಸಾಲು ನಮ್ಮ ಹಳೆಯ ಲಾಗ್‌ನಲ್ಲಿ ಇತ್ತು. ಮೊದಲ ದಿನವೇ ನಾವು ಅದನ್ನು ಓದಿದ್ದಿದ್ದರೆ ಎರಡು ವಾರ ಉಳಿಯುತ್ತಿತ್ತು.

ಈಗ ನಾನು ದೊಡ್ಡ ಜಾಬ್ ಶುರುವಾಗುವ ಮೊದಲು ಒಂದು ಸಣ್ಣ ಸ್ಕ್ರಿಪ್ಟ್ ಓಡಿಸುತ್ತೇನೆ. ಅದು ಪ್ರತಿ ನೋಡ್‌ನ ಎರಡೂ ಪ್ರೊಸೆಸರ್‌ಗಳಲ್ಲಿ 20 ಸೆಕೆಂಡ್ ಮೆಮೊರಿ ಪರೀಕ್ಷೆ ಮಾಡುತ್ತದೆ, ಒಟ್ಟು ಮೆಮೊರಿ ಎಷ್ಟು, ನೆಟ್‌ವರ್ಕ್ ಕೊಂಡಿಯ ವೇಗ ಎಷ್ಟು ಅಂತ ಓದುತ್ತದೆ. ಎಲ್ಲ ನೋಡ್‌ಗಳ ನಡುವಿನ ಅಂಕಿಗಿಂತ (ಮೀಡಿಯನ್) ಶೇ. 10ರಷ್ಟು ಕೆಳಗಿರುವ ನೋಡನ್ನು ಪಟ್ಟಿಯಿಂದ ತೆಗೆದು, ಹೆಸರು ಬರೆದಿಡುತ್ತದೆ. ಮೂರು ತಿಂಗಳಲ್ಲಿ ಅದು ಇನ್ನೂ ಎರಡು ನೋಡ್ ಹಿಡಿಯಿತು. ಒಂದರಲ್ಲಿ ಫ್ಯಾನ್ ನಿಂತಿತ್ತು. ಇನ್ನೊಂದರಲ್ಲಿ ಕೇಬಲ್ ಸರಿಯಾಗಿ ಕೂತಿರಲಿಲ್ಲ.